ಎಳೆ ತಡೆದ ಅಳು

ಗುರುಸಿದ್ಧ ತೀರಿಕೊಂಡ ದಿನ ಅವನ ಮಗಳು ಅಳಲಿಲ್ಲ.

ಹುಬ್ಬಳ್ಳಿಯ ರೈಲ್ವೆ ವರ್ಕ್‌ಶಾಪಿನಲ್ಲಿ ಫಿಟ್ಟರ್ ಆಗಿದ್ದ ಅವನು ಮಧ್ಯಾಹ್ನ ಬುತ್ತಿ ಬಿಚ್ಚಿ ಕೂತಲ್ಲೇ ಎದೆ ಹಿಡಿದುಕೊಂಡು ಪಕ್ಕದವನ ಹೆಗಲಿಗೆ ಒರಗಿದ. ಗೆಳೆಯರು ಎತ್ತಿಕೊಂಡು ಆಸ್ಪತ್ರೆಗೆ ಒಯ್ಯುವಷ್ಟರಲ್ಲಿ ಎಲ್ಲ ಮುಗಿದಿತ್ತು. ನಲವತ್ತು ದಾಟಿ ಹೆಚ್ಚು ದಿನವಾಗಿರಲಿಲ್ಲ. ಇಳಿಹೊತ್ತಿಗೆ ರೈಲ್ವೆ ಕಾಲನಿಯ ಪುಟ್ಟ ಮನೆಯ ಪಡಸಾಲೆಯಲ್ಲಿ ಅವನನ್ನು ಗೋಡೆಗೆ ಆನಿಸಿ ಕೂಡಿಸಿದ್ದರು. ಹಣೆ ತುಂಬ ವಿಭೂತಿ, ಕೊರಳಲ್ಲಿ ಚೆಂಡುಹೂವಿನ ಮಾಲೆ. ಅವನ ತಾಯಿ ಶಾಂತವ್ವ ಮಗನ ಮೊಣಕಾಲು ಹಿಡಿದುಕೊಂಡು, ಅವನು ಹುಟ್ಟಿದಂದಿನಿಂದ ಹಿಡಿದು ಒಂದೊಂದನ್ನೂ ಹಾಡಿ ಹಾಡಿ ಅಳುತ್ತಿದ್ದಳು. ಹೆಂಡತಿ ನೀಲಾಂಬಿಕಾಗೆ ಆಗಲೇ ಎರಡು ಸಲ ಎಚ್ಚರ ತಪ್ಪಿತ್ತು.

ಹನ್ನೊಂದು ವರ್ಷದ ಸೃಷ್ಟಿ ಮಾತ್ರ ಸಾಲೆಯ ಸಮವಸ್ತ್ರದಲ್ಲೇ ಅಪ್ಪನ ಪಕ್ಕ ಕುಳಿತು, ನೊಣ ಬಂದಾಗಲೆಲ್ಲ ಬೀಸಣಿಕೆಯಿಂದ ಓಡಿಸುತ್ತಿದ್ದಳು. ಬಂದವರಿಗೆ ಕುಡಿಯಲು ನೀರು ಕೊಟ್ಟಳು. ಚಪ್ಪಲಿಗಳನ್ನು ಸರಿಸಿ ದಾರಿ ಮಾಡಿದಳು. ಅವಳ ಮುಖ ಅಲುಗದ ಕೆರೆಯ ನೀರಿನ ಹಾಗಿತ್ತು.

"ಕೂಸಿಗೆ ಧಕ್ಕಿ ಬಡದೈತಿ. ಯಾರರ ಆಕಿನ್ನ ಅಳಸ್ರಿ, ಒಳಗ ಇಟ್ಕೊಂಡ್ರ ಚಲೋ ಅಲ್ಲ," ಎಂದರು ನೆರೆಮನೆಯ ಹಿರಿಯಾಕೆ. ಯಾರು ತಬ್ಬಿಕೊಂಡು ಎದೆಗವಚಿಕೊಂಡರೂ ಹುಡುಗಿ ಅಳಲಿಲ್ಲ. ತಬ್ಬಿದವರ ಬೆನ್ನನ್ನು ತಾನೇ ಮೆಲ್ಲಗೆ ತಟ್ಟಿದಳು. ಮಣ್ಣು ಮಾಡಿ ಬಂದ ಮರುದಿನ ಬೆಳಿಗ್ಗೆ ತಾಯಿಯ ಹತ್ತಿರ ಬಂದು ಕೇಳಿದಳು.

"ಅವ್ವಾ, ಇವತ್ತ ಸಾಲಿಗೆ ಹೋಗ್ಲೇನ? ಗಣಿತ ಪರೀಕ್ಷಾ ಐತಿ."

ಆ ಮಾತು ಕೇಳಿದ ಶಾಂತವ್ವ ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ಹೋದಳು. ಆಮೇಲೆ ಯಾರಿಗೋ ಹೇಳಿದ್ದು ಹೊರಗೂ ಕೇಳಿಸಿತು: "ಕಲ್ಲರ ಕರಗ್ತಿತ್ತು."

ಸೃಷ್ಟಿಗೆ ಸಕ್ಕರೆ ಕಾಯಿಲೆ ಬಂದಾಗ ಅವಳಿಗಿನ್ನೂ ನಾಲ್ಕು ವರ್ಷ. ದೊಡ್ಡವರಿಗೆ ಬರುವ ಬಗೆಯದಲ್ಲ. ಮೈಯ ಕಾವಲುಪಡೆಯೇ ದಾರಿ ತಪ್ಪಿ, ಇನ್ಸುಲಿನ್ ತಯಾರಿಸುವ ಜೀವಕೋಶಗಳನ್ನು ವೈರಿಗಳೆಂದು ಬಗೆದು ಕೊಂದುಹಾಕುವ ಬಗೆಯದು. ಇನ್ನು ಸಾಯುವತನಕ ದಿನಕ್ಕೆ ನಾಲ್ಕು ಚುಚ್ಚುಮದ್ದು ಎಂದು ಡಾಕ್ಟರು ಹೇಳಿದಾಗ ನೀಲಾಂಬಿಕಾ ಅಲ್ಲೇ ಕುಸಿದಳು. ಗುರುಸಿದ್ಧ ಕುಸಿಯಲಿಲ್ಲ. ಚುಚ್ಚುವುದನ್ನು ಆಟ ಮಾಡಿಕೊಂಡ. ಸೂಜಿ ಹಿಡಿದು ಮಗಳ ಮುಂದೆ ಕೈಕಟ್ಟಿ ನಿಂತು, "ಸಾಹೇಬ್ರ, ಇವತ್ತ ಎಲ್ಲಿ ಅಪ್ಪಣಿ? ತೋಳೋ, ಹೊಟ್ಟಿಯೋ?" ಎನ್ನುತ್ತಿದ್ದ. ಸಾಹೇಬರು ನಗುತ್ತ, ಅಳುತ್ತ, ಮಂಚದ ಕೆಳಗೆ ಅಡಗುತ್ತ ಕೊನೆಗೆ ಒಂದು ತೋಳು ಚಾಚುತ್ತಿದ್ದರು. ಮಗಳು ಸಿಹಿ ತಿನ್ನುವಂತಿಲ್ಲ ಎಂದು ಅವನೂ ಬಿಟ್ಟ. ಧಾರವಾಡಕ್ಕೆ ಹೋದರೂ ಪೇಢೆಯ ಅಂಗಡಿಯ ಸಾಲಿನಲ್ಲಿ ಕಾಲಿಡುತ್ತಿರಲಿಲ್ಲ.

ನೀಲಾಂಬಿಕಾ ಬಿ.ಎಸ್ಸಿ. ಓದಿದವಳು. ಮಗಳ ಕಾಯಿಲೆಯೇ ಅವಳನ್ನು ಹುಬ್ಬಳ್ಳಿ-ಧಾರವಾಡಗಳ ನಡುವೆ ಹೊಸದಾಗಿ ಎದ್ದಿದ್ದ ಮಕ್ಕಳ ಚಯಾಪಚಯ ಸಂಶೋಧನಾ ಕೇಂದ್ರಕ್ಕೆ ಕರೆದೊಯ್ದದ್ದು. ಮೊದಲು ರೋಗಿಯ ತಾಯಿಯಾಗಿ ಹೋದಳು, ಎರಡು ವರ್ಷದ ನಂತರ ಅಲ್ಲಿಯ ನೌಕರಳಾದಳು. ಕೇಂದ್ರದ ಮುಖ್ಯಸ್ಥೆ ಡಾಕ್ಟರ್ ಸುಮಿತ್ರಾ ಬೆಂಡಿಗೇರಿ ಅಲ್ಲೊಂದು ಹೊಸ ಉಪಾಯವನ್ನು ಬೆಳೆಸುತ್ತಿದ್ದರು. ಪ್ರಯೋಗಾಲಯದಲ್ಲಿ ಬೆಳೆಸಿದ, ಇನ್ಸುಲಿನ್ ತಯಾರಿಸುವ ಜೀವಕೋಶಗಳನ್ನು ಅವರೆಕಾಳಿನಷ್ಟು ದೊಡ್ಡ ಜಾಳಿಗೆಯ ಚೀಲವೊಂದರಲ್ಲಿ ತುಂಬಿ, ಪಕ್ಕೆಲುಬಿನ ಕೆಳಗೆ ಹುದುಗಿಸುವುದು. ಸಕ್ಕರೆ ಒಳಗೆ ಹೋಗಬೇಕು, ಇನ್ಸುಲಿನ್ ಹೊರಗೆ ಬರಬೇಕು. ಕಾವಲುಪಡೆ ಮಾತ್ರ ಒಳನುಗ್ಗಬಾರದು. ಕಾಗದಪತ್ರಗಳಲ್ಲಿ ಅದಕ್ಕೆ ಉದ್ದದ ಹೆಸರಿತ್ತು. ತಂದೆತಾಯಿಗಳೆಲ್ಲ ಅದನ್ನು 'ಕಾಳು' ಎಂದೇ ಕರೆದರು.

ದೊಡ್ಡವರ ಮೈಯಲ್ಲಿ ವರ್ಷಗಟ್ಟಲೆ ಬಾಳಿದ ಕಾಳು ಮಕ್ಕಳಲ್ಲಿ ಕೆಲವೇ ತಿಂಗಳಿಗೆ ಸೊರಗುತ್ತಿತ್ತು. ಕಾರಣ ಹುಡುಕಲು ಡಾಕ್ಟರ್ ಬೆಂಡಿಗೇರಿಗೆ ಬಹಳ ಕಾಲ ಹಿಡಿಯಿತು. ಮಗು ಹೆದರಿದರೆ, ಸಿಟ್ಟಾದರೆ, ಕುಣಿದರೆ, ಬಿಕ್ಕಿ ಅತ್ತರೆ ಮೂತ್ರಪಿಂಡಗಳ ಮೇಲೆ ಕೂತಿರುವ ಎರಡು ಪುಟ್ಟ ಗ್ರಂಥಿಗಳು ಆವೇಗದ ರಸವನ್ನು ರಕ್ತಕ್ಕೆ ಸುರಿಯುತ್ತವೆ. ಕೂಡಲೇ ಯಕೃತ್ತು ಸಕ್ಕರೆಯ ಪ್ರವಾಹ ಬಿಡುತ್ತದೆ. ಮಕ್ಕಳ ಮೈಯಲ್ಲಿ ಇದು ದಿನಕ್ಕೆ ಎಷ್ಟು ಸಲವೋ! ಆ ಪ್ರವಾಹದ ಹಿಂದೆ ಓಡಿ ಓಡಿ ಕಾಳಿನ ಜೀವಕೋಶಗಳು ದಣಿದು ಸಾಯುತ್ತಿದ್ದವು. ಹಾಗಾಗಿ ಎರಡನೇ ಬಗೆಯ ಕಾಳಿಗೆ ಅವರು ಕೂದಲಿಗಿಂತ ಸಪೂರವಾದ ಒಂದು ಎಳೆಯನ್ನು ಜೋಡಿಸಿದರು. ಆ ಗ್ರಂಥಿಗಳಿಗೂ ಎದೆ ಹೊಟ್ಟೆಗಳಿಗೂ ಹೋಗುವ ನರಗಳ ಬಳಿ ಆ ಎಳೆ ಕೂತು, ಆವೇಗ ಏಳುವ ಸೂಚನೆ ಕಂಡೊಡನೆ ಸಣ್ಣ ವಿದ್ಯುತ್ತಿನಿಂದ ಅದನ್ನು ಅಲ್ಲೇ ತಣಿಸುತ್ತಿತ್ತು.

ಕಾಳು ಬಾಳಿತು. ಕರ್ನಾಟಕದ ಬೇರೆ ಬೇರೆ ಕಡೆಯ ಮೂವತ್ತು ಮಕ್ಕಳಿಗೆ ಅದನ್ನು ಹುದುಗಿಸಿದರು. ಅವರಲ್ಲಿ ಆಗ ಹತ್ತು ವರ್ಷದವಳಾಗಿದ್ದ ಸೃಷ್ಟಿಯೂ ಒಬ್ಬಳು. ಕೇಂದ್ರದ ಕಾವಲು ಕೋಣೆಯಲ್ಲಿ ಗೋಡೆಯುದ್ದದ ತೆರೆಗಳ ಮೇಲೆ, ಕಾಳುಗಳು ಕಳಿಸುವ ಮಕ್ಕಳ ಸಕ್ಕರೆಯ ಗೆರೆಗಳು ಹಗಲಿರುಳೂ ಹರಿಯುತ್ತಿದ್ದವು. ನೀಲಾಂಬಿಕಾಳ ಕೆಲಸ ಆ ಗೆರೆಗಳನ್ನು ಕಾಯುವುದು. ತನ್ನ ಮಗಳ ಗೆರೆಯನ್ನು ಮಾತ್ರ ತಾನು ನೋಡುವಂತಿರಲಿಲ್ಲ, ಅದು ನಿಯಮ. ಅದನ್ನು ಪಕ್ಕದ ಮೇಜಿನ ವಿಲಾಸ ಪತ್ತಾರ ನೋಡುತ್ತಿದ್ದ. ದಿನವೂ ಮನೆಗೆ ಹೊರಡುವಾಗ ಅವನು ಹೆಬ್ಬೆರಳು ಎತ್ತಿ ತೋರಿಸಿದರೆ ಅವಳಿಗೆ ಅಷ್ಟೇ ಸಾಕು.

ಕಾಳು ಹುದುಗಿಸಿ ಎರಡು ತಿಂಗಳಿಗೆ ಗುರುಸಿದ್ಧ ಧಾರವಾಡದಿಂದ ಪೇಢೆ ತಂದ. ಪೊಟ್ಟಣ ಬಿಚ್ಚುವಾಗ ಅವನ ಕಣ್ಣುಗಳು ಹೊಳೆಯುತ್ತಿದ್ದವು. ಸೃಷ್ಟಿ ಒಂದನ್ನು ತಿಂದು, "ಚಲೋ ಐತಿ," ಎಂದು ಕೈ ತೊಳೆದುಕೊಂಡು ಓದಲು ಕೂತಳು.

"ಅಲ್ಲಾ ನೀಲಾ, ಇಷ್ಟ ವರ್ಷ ಬೇಡಿದ ಕೂಸು. ಕುಣದಾಡ್ತಾಳ ಅಂತ ತಿಳ್ಕೊಂಡಿದ್ನಿ," ಎಂದ ಅವನು.

"ದೊಡ್ಡಾಕಿ ಆಗಾಕತ್ತಾಳ. ಎಷ್ಟಂತ ಕುಣೀತಾಳ?"

"ಹೂಂ. ಇರಬಹುದು ಬಿಡು," ಎಂದು ಉಳಿದ ಪೇಢೆಯನ್ನು ಮುಚ್ಚಿಟ್ಟ.

ಕೇಂದ್ರದಲ್ಲಿ ಮಕ್ಕಳ ಮನಸ್ಸಿನ ಆರೋಗ್ಯವನ್ನೂ ಅಳೆಯುತ್ತಿದ್ದರು. ಇಂಥ ದೀರ್ಘ ಕಾಯಿಲೆಯ ಮಕ್ಕಳು ಖಿನ್ನರಾಗುವುದು, ಹಟ ಮಾಡುವುದು, ರಾತ್ರಿ ಬೆಚ್ಚುವುದು ಎಲ್ಲರಿಗೂ ಗೊತ್ತಿದ್ದದ್ದೇ. ಮೂರು ತಿಂಗಳಿಗೊಮ್ಮೆ ಪ್ರಶ್ನೆಗಳನ್ನು ಕೇಳುತ್ತಿದ್ದರು: ನಿನಗೆ ಆಗಾಗ ಭಯವಾಗುತ್ತದೆಯೇ? ಅಳು ಬರುತ್ತದೆಯೇ? ಸಿಟ್ಟು ಬರುತ್ತದೆಯೇ? ಎಳೆ ಜೋಡಿಸಿದ ಕಾಳು ಬಂದ ಮೇಲೆ ಎಲ್ಲ ಮಕ್ಕಳೂ ಇಲ್ಲ, ಇಲ್ಲ, ಇಲ್ಲ ಎಂದರು. ಅದನ್ನು ಎಲ್ಲರೂ ಗೆಲುವೆಂದೇ ತಿಳಿದರು. ನಿನಗೆ ಕುಣಿಯಬೇಕು ಅನಿಸುತ್ತದೆಯೇ ಎಂದು ಆ ಪ್ರಶ್ನೆಗಳಲ್ಲಿ ಎಲ್ಲೂ ಇರಲಿಲ್ಲ.

ಗುರುಸಿದ್ಧ ಹೋದ ಮೇಲೆ ಮನೆಯಲ್ಲಿ ಮೂವರು ಹೆಂಗಸರು ಉಳಿದರು. ಶಾಂತವ್ವ ಮೊಮ್ಮಗಳ ಜೊತೆ ಮಾತು ಕಡಿಮೆ ಮಾಡಿದಳು. ಸಾಲೆಯವರು, "ಎಷ್ಟ ಗಟ್ಟಿ ಹುಡುಗಿರೀ ನಿಮ್ಮಾಕಿ," ಎಂದು ಹೊಗಳಿದರು. ನೀಲಾಂಬಿಕಾ ಕೆಲಸಕ್ಕೆ ಮರಳಿದಳು. ಬಸ್ಸಿನಲ್ಲಿ ಅಳುತ್ತಿದ್ದಳು, ಬಚ್ಚಲಲ್ಲಿ ಅಳುತ್ತಿದ್ದಳು. ಮಗಳು ಒಮ್ಮೆಯೂ ಜೊತೆಗೆ ಅಳದಿದ್ದದ್ದು ಮೊದಮೊದಲು ಸಮಾಧಾನವೆನಿಸಿತು. ಬರಬರುತ್ತ ಅದೇ ಒಂದು ಒಂಟಿತನವಾಗಿ, ಗಂಡನಿಲ್ಲದ ಒಂಟಿತನಕ್ಕಿಂತ ಹೆಚ್ಚಾಯಿತು.

ಒಂದು ಭಾನುವಾರ ಮಧ್ಯಾಹ್ನ ಸಂತೆಯಿಂದ ಬಂದವಳು ಅಡುಗೆಮನೆಯ ಬಾಗಿಲಲ್ಲೇ ನಿಂತಳು. ಸೃಷ್ಟಿ ಅಪ್ಪನ ಫೋಟೋವನ್ನು ಗೋಡೆಯಿಂದ ತೆಗೆದು ಕಟ್ಟೆಯ ಮೇಲೆ ಇಟ್ಟುಕೊಂಡಿದ್ದಳು. ಎರಡು ಹೋಳು ಮಾಡಿದ ಉಳ್ಳಾಗಡ್ಡಿಯನ್ನು ಎರಡೂ ಕಣ್ಣಿಗೆ ಒತ್ತಿಕೊಂಡು ನಿಂತಿದ್ದಳು.

"ಏನ್ ಮಾಡಾಕತ್ತೀ ಸೃಷ್ಟಿ?"

ಹುಡುಗಿ ಬೆಚ್ಚಲಿಲ್ಲ. ಕಣ್ಣು ಕೆಂಪಾಗಿ ನೀರು ಇಳಿಯುತ್ತಿತ್ತು. ದನಿ ಮಾತ್ರ ಪಾಠ ಒಪ್ಪಿಸುವ ದನಿ.

"ಉಳ್ಳಾಗಡ್ಡಿ ಹಿಡಿದ್ರ ನೀರು ಬರ್ತಾವ ಅವ್ವಾ. ಆದ್ರ ಅಳು ಬರವಲ್ದು."

ನೀಲಾಂಬಿಕಾ ಅವಳ ಕೈಯಿಂದ ಹೋಳುಗಳನ್ನು ತೆಗೆದು, ಸೆರಗಿನಿಂದ ಮುಖ ಒರೆಸಿದಳು.

"ಅಪ್ಪ ನೆನಪಾಗ್ತಾನ," ಎಂದಳು ಸೃಷ್ಟಿ. "ದಿನಾ ನೆನಪಾಗ್ತಾನ. ಆದ್ರ ಸಾಲ್ಯಾಗ ಓದಿದ್ದು ನೆನಪಾದಂಗ ಆಗ್ತೈತಿ. ಇಂಥವ ನನ್ನ ಅಪ್ಪ, ಇಂಥಾ ದಿನ ಸತ್ತ. ಅಷ್ಟ. ಆಯಿ ನನ್ನ ಕಲ್ಲು ಅಂದ್ಲು. ನಾ ಕೆಟ್ಟಾಕಿ ಏನವ್ವಾ?"

"ಇಲ್ಲವ್ವಾ. ಇಲ್ಲ ನನ್ನ ಬಂಗಾರಾ," ಎಂದಳು ತಾಯಿ.

ಮರುದಿನ ಬೆಳಿಗ್ಗೆ ಕಾವಲು ಕೋಣೆಗೆ ಹೋದವಳೇ ವಿಲಾಸನ ಮೇಜಿನ ಮುಂದೆ ನಿಂತಳು.

"ವಿಲಾಸ, ಅವರು ಹೋದ ದಿನದ್ದು ಸೃಷ್ಟಿದು ತೋರಸು."

"ಅಕ್ಕಾ, ನಿಯಮ..."

"ಗೊತ್ತೈತಿ. ತೋರಸು."

ಅವನು ಅವಳ ಮುಖ ನೋಡಿ ಮರುಮಾತಾಡದೆ ತೆರೆದ. ತೆರೆಯ ಮೇಲೆ ಸಕ್ಕರೆಯ ಗೆರೆ ಮೂಡಿತು. ಬೆಳಿಗ್ಗೆಯಿಂದ ಮರುದಿನದ ಬೆಳಗಿನತನಕ ಹಳಿಯ ಹಾಗೆ ನೇರ. ತಂದೆ ಸತ್ತ ಸುದ್ದಿ ಮುಟ್ಟಿದ ಹೊತ್ತಿನಲ್ಲೂ ಒಂದು ಎಳ್ಳಿನಷ್ಟೂ ಏರಿರಲಿಲ್ಲ.

"ಎಳಿದು ತೋರಸು. ಎಳಿ ಎಷ್ಟು ಕೆಲಸ ಮಾಡೈತಿ ಅಂತ."

ಅದನ್ನು ಯಾರೂ ದಿನವೂ ನೋಡುತ್ತಿರಲಿಲ್ಲ. ಎಳೆ ಕೆಟ್ಟಿಲ್ಲ ಎಂದು ಗೊತ್ತಾದರೆ ಸಾಕಿತ್ತು. ವಿಲಾಸ ಎರಡನೆಯ ಗೆರೆಯನ್ನು ಮೊದಲನೆಯದರ ಕೆಳಗೆ ಎಳೆದು ತಂದ. ಬೆಳಿಗ್ಗೆ ಅಲ್ಲೊಂದು ಇಲ್ಲೊಂದು ಮೊನೆ. ಮಧ್ಯಾಹ್ನ, ಸೃಷ್ಟಿಯನ್ನು ಸಾಲೆಯಿಂದ ಕರೆತರಲು ಚಿಕ್ಕಪ್ಪ ಹೋಗಿ ಸುದ್ದಿ ಹೇಳಿದ ಹೊತ್ತಿಗೆ, ಗೆರೆ ಗೋಡೆಯ ಹಾಗೆ ಎದ್ದು ನಿಂತಿತ್ತು. ಮತ್ತೆ ಇಳಿದೇ ಇರಲಿಲ್ಲ. ಹುಡುಗಿ ನೊಣ ಓಡಿಸುತ್ತಿದ್ದಾಗ, ನೀರು ಕೊಡುತ್ತಿದ್ದಾಗ, ಅಜ್ಜಿಯ ಹಾಡು ಕೇಳುತ್ತಿದ್ದಾಗ, ಅಷ್ಟು ಹೊತ್ತೂ ಅವಳ ಮೈ ಅಳಲು ಏಳುತ್ತಲೇ ಇತ್ತು, ಎಳೆ ಅದನ್ನು ಒತ್ತಿ ಕೂಡಿಸುತ್ತಲೇ ಇತ್ತು. ಆ ಪುಟ್ಟ ಯಂತ್ರ ತನ್ನ ಶಕ್ತಿಯ ತುದಿಯಲ್ಲಿ ದುಡಿದಿತ್ತು.

ನೀಲಾಂಬಿಕಾ ತೆರೆಯ ಮೇಲೆ ಅಂಗೈ ಇಟ್ಟಳು. "ಅತ್ತಾಳ ನನ್ನ ಮಗಳು," ಎಂದಳು. "ನೋಡಲ್ಲಿ. ಅತ್ತಾಳ."

ವಿಲಾಸ ಎದ್ದು ಹೊರಗೆ ಹೋದ.

ಡಾಕ್ಟರ್ ಬೆಂಡಿಗೇರಿ ಆ ಎರಡು ಗೆರೆಗಳನ್ನು ಬಹಳ ಹೊತ್ತು ನೋಡಿದರು. ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಅರವತ್ತು ಸಮೀಪಿಸಿದ ಹೆಂಗಸು. ಮದುವೆ, ಮನೆ ಏನೂ ಇಲ್ಲದೆ ಈ ಮಕ್ಕಳ ಹಿಂದೆ ಆಯುಷ್ಯ ಕಳೆದವರು.

"ನೀಲಾಂಬಿಕಾ, ದುಃಖ ಮನಸಿನ್ಯಾಗ ಹುಟ್ಟತದ, ಮೈಯಾಗ ಇಳೀತದ ಅಂತ ನಾವು ತಿಳ್ಕೊಂಡೇವಿ. ಬರೇ ಅಷ್ಟ ಅಲ್ಲ. ಎದಿ ಬಡೀಬೇಕು, ಗಂಟಲ ಕಟ್ಟಬೇಕು, ಕೈಕಾಲು ತಣ್ಣಗಾಗಬೇಕು. ಅದು ತಿರುಗಿ ಮಿದುಳಿಗೆ ಹೋಗಿ ಮುಟ್ಟಿದಾಗ ಅದು ದುಃಖ. ನಾನು ಸಕ್ಕರಿ ತಡೀಲಿಕ್ಕೆ ಹೋಗಿ ಆ ದಾರೀನ ಮುಚ್ಚಿಬಿಟ್ಟೇನಿ."

"ಎಳಿ ಬಂದ್ ಮಾಡಿದ್ರ?"

"ಬಂದ್ ಮಾಡಬಹುದು. ಆದ್ರ ಕಾಳು ಭಾಳ ದಿನ ಉಳಿಯೂದಿಲ್ಲ. ಮತ್ತ ಸೂಜಿ. ಮತ್ತ ಆ ಏರಿಳಿತ, ಆ ಭಯ. ಈ ಸಲ ಇನ್ನೂ ಜೋರು ಬರಬಹುದು. ತಡದಿಟ್ಟದ್ದು ಹ್ಯಾಂಗ ಬರತದ ಅಂತ ನನಗ ಗೊತ್ತಿಲ್ಲ. ಯಾರಿಗೂ ಗೊತ್ತಿಲ್ಲ."

ಆ ವಾರವೇ ಅವರು ಎಲ್ಲ ತಂದೆತಾಯಿಗಳನ್ನು ಕರೆಸಿ, ಕಂಡದ್ದನ್ನು ಮುಚ್ಚುಮರೆಯಿಲ್ಲದೆ ಹೇಳಿದರು. ಸಭೆಯಲ್ಲಿ ಗದ್ದಲವಾಗಲಿಲ್ಲ. ಎಲ್ಲರೂ ತಮ್ಮ ತಮ್ಮ ಮನೆಯ ಮಗುವನ್ನು ನೆನೆದರು. ಒಬ್ಬ ತಾಯಿ ಮೆಲ್ಲಗೆ ಹೇಳಿದಳು: "ನನ್ನ ಮಗನ್ನ ನಾಯಿ ಅಟ್ಟಿಸಿಕೊಂಡು ಬಂದ್ರ ಓಡಲಿಲ್ರಿ. ನಿಂತು ನೋಡಿದ. ಕಡಿಸ್ಕೊಂಡ."

ಹೊರಗೆ ಬೇವಿನ ಮರದ ಕೆಳಗೆ ನವಲಗುಂದದ ಮೌಲಾಸಾಬ್ ನದಾಫ ನೀಲಾಂಬಿಕಾಳನ್ನು ತಡೆದ. ಗಾದಿ ಹೊಲಿಯುವವನು. ಅವನ ಮಗ ಇಮ್ತಿಯಾಜನಿಗೂ ಕಾಳಿತ್ತು. ಕಾಳು ಬರುವುದಕ್ಕೆ ಮೊದಲು ಇದೇ ಕಾಯಿಲೆಯಲ್ಲಿ ಅವನ ಹಿರಿಯ ಮಗಳು ಆಸ್ಪತ್ರೆಯ ದಾರಿಯಲ್ಲಿ ತೊಡೆಯ ಮೇಲೆಯೇ ಪ್ರಾಣ ಬಿಟ್ಟಿದ್ದಳು.

"ಅಕ್ಕಾರ, ನೀವು ಎಳಿ ತಗಿಸ್ತೀರಂತ?"

"ಇನ್ನೂ ಗೊತ್ತಿಲ್ಲ ಅಣ್ಣಾರ."

"ತಪ್ಪು ತಿಳೀಬ್ಯಾಡ್ರಿ. ನಿಮಗ ಮಗಳ ಅಳು ಬೇಕಾಗೇತಿ. ನನಗ ಮಗ ಬೇಕಾಗ್ಯಾನ. ನಗಲಿಲ್ಲಂದ್ರೂ ಚಿಂತಿಲ್ರಿ. ಕುಂತು ಊಟ ಮಾಡ್ತಾನ. ನಾ ಅದನ್ನ ನೋಡ್ಕೋತ ಇರ್ತೀನಿ."

ಅವನು ಹೇಳಿದ್ದು ಸರಿಯಲ್ಲ ಎನ್ನಲು ನೀಲಾಂಬಿಕಾಳಲ್ಲಿ ಏನೂ ಇರಲಿಲ್ಲ.

ಮನೆಗೆ ಬಂದು ಮಗಳನ್ನು ಕೂಡಿಸಿಕೊಂಡು ಎಲ್ಲವನ್ನೂ ತಿಳಿಯುವಂತೆ ಹೇಳಿದಳು. ಸೂಜಿ ಮತ್ತೆ ಬರುತ್ತದೆ ಎಂದಳು. ಜೀವಕ್ಕೆ ಅಪಾಯ ಬಂದರೂ ಬರಬಹುದು ಎಂದಳು. ನೋವಾಗುತ್ತದೆ, ಬಹಳ ನೋವಾಗುತ್ತದೆ ಎಂದಳು. ಸೃಷ್ಟಿ ಗಣಿತದ ಲೆಕ್ಕ ಕೇಳುವ ಹಾಗೆ ಕೇಳಿಸಿಕೊಂಡಳು.

"ನನಗ ನೋವು ಹ್ಯಾಂಗಿರ್ತೈತಿ ಅಂತ ಮರತೈತಿ," ಎಂದಳು. "ಆದ್ರ ಅಪ್ಪಂದು ನನಗ ಆಗಬೇಕಲ್ಲವ್ವಾ. ಎಲ್ಲಾರ್ಗೂ ಆಗೈತಿ."

ಎಳೆಯನ್ನು ಒಂದೇ ಸಲ ಆರಿಸಲಿಲ್ಲ. ದಿನದಿನಕ್ಕೆ ಸ್ವಲ್ಪ ಸ್ವಲ್ಪ ಸಡಿಲಿಸಿದರು. ಮೊದಲು ಬಂದದ್ದು ಅಳುವಲ್ಲ, ಸಿಟ್ಟು. ಅನ್ನ ಬಿಸಿಯಾಗಿದೆ ಎಂದು ತಟ್ಟೆ ನೂಕಿದಳು. ಶಾಂತವ್ವ ಹೆದರಿ ಹಿಂದೆ ಸರಿದವಳು, ಮರುಗಳಿಗೆ ಮೊಮ್ಮಗಳ ಗಲ್ಲ ಹಿಡಿದು, "ನೂಕು, ಇನ್ನೊಮ್ಮೆ ನೂಕು ನನ್ನವ್ವ," ಎಂದು ನಗುತ್ತ ಅತ್ತಳು. ಒಂದು ಸಂಜೆ ಟಿ.ವಿ.ಯಲ್ಲಿ ಏನನ್ನೋ ನೋಡಿ ಸೃಷ್ಟಿ ಗಟ್ಟಿಯಾಗಿ ನಕ್ಕಳು. ಆ ಸದ್ದು ಕೇಳುತ್ತ ನಿಂತ ನೀಲಾಂಬಿಕಾಳ ಹೆಂಚಿನ ಮೇಲಿನ ರೊಟ್ಟಿ ಕರಕಲಾಯಿತು. ಅವಳಿಗೆ ಅದರ ಪರಿವೆಯೇ ಇರಲಿಲ್ಲ. ಮೂವರೂ ಅಷ್ಟು ನೆಮ್ಮದಿಯಿಂದ ಬಹಳ ದಿನಗಳ ಮೇಲೆ ಉಂಡರು.

ಎಳೆ ಪೂರ್ತಿ ನಿಂತ ನಾಲ್ಕಾರು ದಿನಕ್ಕೆ ಸಾಲೆಯಿಂದ ಫೋನು ಬಂತು. ಬೇಗ ಬನ್ನಿ ಎಂದರು. ನೀಲಾಂಬಿಕಾ ಓಡಿ ಹೋದಾಗ ತರಗತಿಯ ಮಕ್ಕಳನ್ನೆಲ್ಲ ಹೊರಗೆ ಕಳಿಸಿದ್ದರು. ಸೃಷ್ಟಿ ಕೊನೆಯ ಬೆಂಚಿನ ಕೆಳಗೆ ಮುದುಡಿಕೊಂಡಿದ್ದಳು. ಗೆಳತಿಯೊಬ್ಬಳ ಅಪ್ಪ ಮರೆತುಹೋದ ಊಟದ ಡಬ್ಬಿ ಕೊಡಲು ಬಂದು, ಬಾಗಿಲಲ್ಲಿ ನಿಂತು ಮಗಳ ಹೆಸರು ಕೂಗಿದ್ದ. ಅಷ್ಟೇ ಆದದ್ದು.

ನೀಲಾಂಬಿಕಾ ನೆಲಕ್ಕೆ ಕೂತು ಬೆಂಚಿನ ಕೆಳಗೆ ಬಗ್ಗಿದಳು. ಮಗಳ ಮೈ ಜ್ವರ ಬಂದವರ ಹಾಗೆ ನಡುಗುತ್ತಿತ್ತು.

"ಅವ್ವಾ, ಅಪ್ಪ ಎಲ್ಲಿ?" ಎಂದಳು ಸೃಷ್ಟಿ. "ಅವ್ವಾ, ಅಪ್ಪ ಬರೂದಿಲ್ಲೇನ? ಇನ್ನ ಬರೂದ ಇಲ್ಲೇನ?"

ಅವಳ ಪಾಲಿಗೆ ಅಪ್ಪ ಸತ್ತದ್ದು ಅಂದೇ. ಮನೆಗೆ ಕರೆತಂದರೆ ಗೋಡೆಗೆ ಆನಿಸಿ ಕೂಡಿಸಿದ್ದ ಜಾಗ ಹುಡುಕಿ ಅಲ್ಲಿ ಬಿದ್ದು ಹೊರಳಿದಳು. ಅಪ್ಪನ ಅಂಗಿಗಳನ್ನು ಕೇಳಿದಳು. ಅವನ್ನು ಆಗಲೇ ಯಾರಿಗೋ ಕೊಟ್ಟಾಗಿತ್ತು. "ಯಾಕ ಕೊಟ್ರಿ? ನನ್ನ ಕೇಳದ ಯಾಕ ಕೊಟ್ರಿ?" ಎಂದು ಚೀರಿದಳು. ಕೊಡುವಾಗ ಮಡಚಿ ಚೀಲಕ್ಕೆ ಹಾಕಿದವಳು ತಾನೇ ಎಂಬುದು ಅವಳಿಗೆ ನೆನಪಿತ್ತು. ಅದಕ್ಕೇ ಇನ್ನಷ್ಟು ಚೀರಿದಳು. ಶಾಂತವ್ವ ಅವಳನ್ನು ಎದೆಗೆ ಹಾಕಿಕೊಂಡು, ಮಗ ಹುಟ್ಟಿದಂದಿನಿಂದ ಮತ್ತೆ ಹಾಡಲು ಶುರು ಮಾಡಿದಳು. ನೀಲಾಂಬಿಕಾ ಗಂಡನನ್ನು ಎರಡನೆಯ ಸಲ ಕಳೆದುಕೊಂಡಳು. ಮೊದಲನೆಯ ಸಲ ತನ್ನ ನೋವು ಒಂದೇ ಇತ್ತು. ಈಗ ಮಗಳದನ್ನೂ ನೋಡಬೇಕಿತ್ತು.

ಅಳು ನಿಲ್ಲಲಿಲ್ಲ. ಊಟವಿಲ್ಲ, ನಿದ್ದೆಯಿಲ್ಲ. ಕಾವಲು ಕೋಣೆಯಿಂದ ವಿಲಾಸ ಮೇಲಿಂದ ಮೇಲೆ ಫೋನು ಮಾಡುತ್ತಿದ್ದ; ಸಕ್ಕರೆಯ ಗೆರೆ ಏರಿ ಏರಿ ತೆರೆಯನ್ನೇ ದಾಟುತ್ತಿತ್ತು. ಸೂಜಿಯಿಂದ ಕೊಟ್ಟ ಇನ್ಸುಲಿನ್ ಸಾಲದಾಯಿತು. ಕೊನೆಗೊಂದು ಬೆಳಿಗ್ಗೆ ಸೃಷ್ಟಿ ವಾಂತಿ ಮಾಡಿಕೊಂಡು, ಆಳವಾಗಿ ಏದುಸಿರು ಬಿಡತೊಡಗಿದಳು. ಉಸಿರಿಗೆ ಕೊಳೆತ ಹಣ್ಣಿನ ವಾಸನೆ. ಸಕ್ಕರೆ ಉರಿಸಲಾಗದೆ ಮೈ ಕೊಬ್ಬನ್ನು ಉರಿಸುತ್ತ ರಕ್ತ ಹುಳಿಯಾಗುವ ವಾಸನೆ ಅದು ಎಂಬುದು ನೀಲಾಂಬಿಕಾಗೆ ಗೊತ್ತಿತ್ತು.

ಕೇಂದ್ರದ ತುರ್ತು ಕೋಣೆಯಲ್ಲಿ ಎರಡೂ ಕೈಗೆ ನಳಿಕೆ ಹಾಕಿದರು. ಮಧ್ಯಾಹ್ನದ ಹೊತ್ತಿಗೆ ಹುಡುಗಿ ಕಣ್ಣು ಬಿಟ್ಟಳು. ಡಾಕ್ಟರ್ ಬೆಂಡಿಗೇರಿ ತಾಯಿಯನ್ನು ಬಾಗಿಲ ಬಳಿಗೆ ಕರೆದರು.

"ಕಾಳಿನ್ಯಾಗ ಅರ್ಧದಷ್ಟು ಕೋಶ ಇನ್ನೂ ಜೀವ ಹಿಡಕೊಂಡಾವ. ಈಗಿಂದೀಗ ಎಳಿ ಚಾಲೂ ಮಾಡಿದ್ರ ಉಳಿಸಬಹುದು. ನಾಳಿಗೆ ಆಗೂದಿಲ್ಲ. ಸತ್ರ ಕಾಳು ತಗೀಲೇಬೇಕು. ಮತ್ತೊಂದು ಹಾಕಲಿಕ್ಕೆ ಆಕಿ ಮೈ ಒಪ್ಪೂದಿಲ್ಲ. ಇಷ್ಟ ಅದ. ನೀವು, ಆಕಿ, ಇಬ್ಬರೂ ಹೇಳಬೇಕು."

ನೀಲಾಂಬಿಕಾ ಮಂಚದ ಬಳಿ ಬಂದಳು. ಮಗಳ ತುಟಿ ಒಣಗಿ ಸಿಪ್ಪೆ ಎದ್ದಿತ್ತು. ಮೌಲಾಸಾಬನ ಮಗ ಕೂತು ಊಟ ಮಾಡುವ ಚಿತ್ರ ಕಣ್ಣ ಮುಂದೆ ಬಂತು. ಇವಳು ಆಗಲಿ ಎನ್ನಲಿ ದೇವರೇ, ಒಂದು ಸಲ ಆಗಲಿ ಎನ್ನಲಿ ಎಂದು ಒಳಗೊಳಗೇ ಬೇಡಿಕೊಂಡಳು. ಮಗಳು ಕಲ್ಲಾದರೂ ಸರಿ, ಇರಲಿ.

"ಸೃಷ್ಟಿ, ಎಳಿ ಮತ್ತ ಚಾಲೂ ಮಾಡೂಣೇನವ್ವಾ? ಈ ಸಂಕಟ ಎಲ್ಲಾ ಹೋಗ್ತೈತಿ. ಈಗ ಹೋಗ್ತೈತಿ."

ಸೃಷ್ಟಿ ತಾಯಿಯನ್ನು ನೋಡಿದಳು. ಕಣ್ಣಂಚಿನಿಂದ ನೀರು ಕಿವಿಯ ಕಡೆಗೆ ಇಳಿಯಿತು.

"ಬ್ಯಾಡ," ಎಂದಳು. "ಅಪ್ಪ ಮತ್ತ ಹೋಗಿಬಿಡ್ತಾನ."

ನೀಲಾಂಬಿಕಾ ಮತ್ತೊಮ್ಮೆ ಕೇಳಲಿಲ್ಲ. ಬಾಗಿಲ ಕಡೆಗೆ ತಿರುಗಿ ಬೇಡವೆಂದು ತಲೆ ಅಲ್ಲಾಡಿಸಿದಳು. ಡಾಕ್ಟರ್ ಬೆಂಡಿಗೇರಿ ಶಸ್ತ್ರಕ್ರಿಯೆಗೆ ಹೇಳಿಕಳಿಸಿದರು.

ಕಾಳನ್ನು ತೆಗೆದರು. ಸೃಷ್ಟಿ ಬದುಕಿದಳು, ಆದರೆ ಆ ಬೆಳಗಿನ ಹೊಡೆತಕ್ಕೆ ಮೂತ್ರಪಿಂಡಗಳು ಸೊರಗಿದವು. ಮುಂದೆ ಯಾವತ್ತೋ ಅವು ಕೈಕೊಡುತ್ತವೆ ಎಂದು ಡಾಕ್ಟರು ಮೊದಲೇ ಹೇಳಿದರು. ಕೇಂದ್ರದಲ್ಲಿ ಹೊಸ ಮಕ್ಕಳಿಗೆ ಕಾಳು ಹಾಕುವುದು ನಿಂತಿತು. ಹಾಕಿಸಿಕೊಂಡವರಲ್ಲಿ ಹೆಚ್ಚಿನವರು ಹಾಗೆಯೇ ಇಟ್ಟುಕೊಂಡರು. ಇಮ್ತಿಯಾಜ ಚೆನ್ನಾಗಿ ಬೆಳೆಯುತ್ತಿದ್ದಾನೆ, ತರಗತಿಗೆ ಮೊದಲಿಗ ಎಂದು ಮೌಲಾಸಾಬ್ ಆಗಾಗ ಫೋನು ಮಾಡಿ ಹೇಳುತ್ತಿದ್ದ. ಹೇಳಿ ಮುಗಿಸಿದ ಮೇಲೂ ಫೋನು ಇಡದೆ, ಈ ಕಡೆ ಸೃಷ್ಟಿ ಯಾರ ಜೊತೆಗೋ ಜಗಳವಾಡುವ ಸದ್ದನ್ನು ಕೇಳುತ್ತ ಸುಮ್ಮನೆ ನಿಂತಿರುತ್ತಿದ್ದ.

ಸೃಷ್ಟಿ ಅತ್ತ ದಿನ ಸಕ್ಕರೆ ಏರುತ್ತದೆ. ಊಟಕ್ಕೆ ಇಷ್ಟು, ಆಟಕ್ಕೆ ಇಷ್ಟು ಎಂದು ಅಳೆದು ಇನ್ಸುಲಿನ್ ಕೊಡುವ ಹಾಗೆ, ಅಳುವಿಗೂ ಒಂದಿಷ್ಟು ಕೊಡಬೇಕಾಗುತ್ತದೆ. ಅದನ್ನು ಯಾವ ಡಾಕ್ಟರೂ ಬರೆದುಕೊಟ್ಟಿರಲಿಲ್ಲ. ತಾಯಿ ಮಗಳು ಇಬ್ಬರೇ ಕೂಡಿ ಕಂಡುಕೊಂಡರು. ಎಷ್ಟೋ ಮಧ್ಯಾಹ್ನ ಸೃಷ್ಟಿ ಕಣ್ಣು ಕೆಂಪು ಮಾಡಿಕೊಂಡು ಬಂದು ಮುಂದೆ ಕೂರುತ್ತಾಳೆ. ನೀಲಾಂಬಿಕಾ ಏನೆಂದು ಕೇಳುವುದಿಲ್ಲ.

"ಎಷ್ಟು ಹಾಕಲಿ?" ಎನ್ನುತ್ತಾಳೆ.

"ಇವತ್ತ ಸ್ವಲ್ಪ ಜಾಸ್ತಿ ಹಾಕವ್ವಾ," ಎನ್ನುತ್ತಾಳೆ ಸೃಷ್ಟಿ. "ಇನ್ನೂ ಮುಗಿದಿಲ್ಲ."